ಕಿರಣ ನಿಂತ ಮೇಲಿನ ಹದಿನೈದು ದಿನ

ಕ್ಯಾನ್ಸರಿಗೆ ಕಿರಣಚಿಕಿತ್ಸೆ ಪಡೆಯುವುದನ್ನು ನಮ್ಮ ಜನ ‘ಕರೆಂಟು ಕೊಡಿಸುವುದು’ ಎನ್ನುತ್ತಾರೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೋ ಮೈಸೂರಿನ ಆಸ್ಪತ್ರೆಗೋ ಹೋಗಿ, ವಾರಕ್ಕೆ ಐದು ದಿನದಂತೆ ಆರೇಳು ವಾರ ಕರೆಂಟು ಕೊಡಿಸಿಕೊಂಡು, ಕಡೆಯ ದಿನ ವೈದ್ಯರಿಗೆ ಕೈಮುಗಿದು ರೈಲು ಹತ್ತಿ ಅರಸೀಕೆರೆಯ ಜಂಕ್ಷನ್ನಿನಲ್ಲಿ ಇಳಿಯುವ ರೋಗಿಯು ಯಾತನೆಯ ಕಾಲ ಮುಗಿಯಿತೆಂದು ಭಾವಿಸುವುದು ಸ್ವಾಭಾವಿಕವೇ ಸರಿ. ಆದರೆ ಚರ್ಮವು ಅತ್ಯಂತ ಹೆಚ್ಚಾಗಿ ನೋಯುವುದು ಬಹುಮಟ್ಟಿಗೆ ಕಿರಣ ನಿಂತ ಮೇಲಿನ ಒಂದೆರಡು ವಾರಗಳಲ್ಲಿ. ಎಂದರೆ, ಅವನು ದಾದಿಯರಿಂದ ದೂರವಾಗಿ ತನ್ನ ಮನೆಯ ಪಡಸಾಲೆಯಲ್ಲಿ ಮಲಗಿರುವಾಗ.

ಇದಕ್ಕೆ ಕಾರಣವುಂಟು. ಚರ್ಮದ ತಳಪದರದಲ್ಲಿ ಹುಟ್ಟುವ ಕೋಶಗಳು ಮೆಲ್ಲನೆ ಮೇಲೇರಿ ಸವೆದುಹೋಗುತ್ತವೆ. ಕಿರಣವು ಆ ಹುಟ್ಟನ್ನೇ ತಡೆಯುವುದರಿಂದ, ಸವೆದುದನ್ನು ತುಂಬುವವರಿಲ್ಲದೆ ಹಾನಿಯು ತಡವಾಗಿ ಪ್ರಕಟವಾಗುತ್ತದೆ. 1901ರಲ್ಲಿ ಬೆಕೆರೆಲ್ ಎಂಬ ಫ್ರೆಂಚ್ ವಿಜ್ಞಾನಿ ರೇಡಿಯಮ್ಮಿನ ನಳಿಗೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದಾಗಲೂ ಚರ್ಮ ಕೆಂಪಾದುದು ಕೆಲವು ದಿನಗಳ ಅನಂತರವೇ. ರೋಗಿಗಳಲ್ಲಿಯೂ ಹಾಗೆಯೇ: ಚಿಕಿತ್ಸೆಯ ಎರಡು ಮೂರನೆಯ ವಾರಕ್ಕೆ ಕೆಂಪು, ತುರಿಕೆ. ಬಳಿಕ ಹೊಟ್ಟಿನಂತೆ ಸುಲಿಯುವುದು. ಕತ್ತು, ಕಂಕುಳು, ಸ್ತನದ ಕೆಳಮಡಿಕೆಗಳಲ್ಲಿ ಕೆಲವರಿಗೆ ಚರ್ಮ ಕಳಚಿ ನೀರೊಸರುವುದು.

ತೆಂಗಿನ ಸೀಮೆಯವರಾದ ನಮಗೆ ಇಂಥ ಗಾಯ ಕಂಡೊಡನೆ ಕೈ ಹೋಗುವುದು ಕೊಬ್ಬರಿ ಎಣ್ಣೆಗೆ, ಅರಿಸಿನದ ಡಬ್ಬಿಗೆ. ಆ ವಾತ್ಸಲ್ಯವನ್ನು ನಾನು ಹಳಿಯಲಾರೆ. ಮಂಗಳೂರಿನ ವೈದ್ಯರು ತಲೆ-ಕತ್ತಿನ ಕ್ಯಾನ್ಸರಿನ 50 ರೋಗಿಗಳಲ್ಲಿ ಅರಿಸಿನ ಮತ್ತು ಶ್ರೀಗಂಧದೆಣ್ಣೆಯ ಕ್ರೀಮನ್ನು ಪರೀಕ್ಷಿಸಿ, ಅದು ಚರ್ಮದಾಹವನ್ನು ತಗ್ಗಿಸಿತೆಂದು 2014ರಲ್ಲಿ ಪ್ರಕಟಿಸಿದರು. ಅದು ಕಿರಿಯ ಪ್ರಯೋಗ, ಆಶಾಜನಕವಾದುದು. ಆದರೆ ಅಲ್ಲಿ ಹಚ್ಚಿದುದು ಶುದ್ಧವಾಗಿ ಸಿದ್ಧಪಡಿಸಿದ ಕ್ರೀಮೇ ಹೊರತು ಅಡಿಗೆಮನೆಯ ಪುಡಿಯಲ್ಲ. ನೀರೊಸರುವ ಹಸಿಗಾಯಕ್ಕೆ ಪುಡಿ ಮೆತ್ತಿದರೆ ನಂಜೇರುವ ಭಯವುಂಟು.

ಬೇಕಾದ ಶುಶ್ರೂಷೆ ಸರಳವಾದುದು. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು; ಉಜ್ಜದೆ ಒತ್ತಿ ಒರೆಸುವುದು; ಸಡಿಲವಾದ ಹತ್ತಿಯ ಬಟ್ಟೆ; ಬಿಸಿಲು ತಾಗದಂತೆ ಮೇಲೊಂದು ಮೆತ್ತನೆಯ ಹೊದಿಕೆ; ಆ ಭಾಗಕ್ಕೆ ಬ್ಲೇಡು ತಾಗಿಸದಿರುವುದು. ವೈದ್ಯರ ಸಲಹೆಯಂತೆ ಆರಂಭದಿಂದಲೇ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಉರಿಯು ತಗ್ಗುವುದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಚರ್ಮ ಕಳಚಿದರೆ, ತೆಗೆಯುವಾಗ ಚರ್ಮವನ್ನೂ ಕೀಳುವ ಒಣ ಗಾಜ್ ಬಟ್ಟೆ ಸಲ್ಲದು, ಅಂಟದ ಪಟ್ಟಿ ಬೇಕು; ಜ್ವರವೋ ಕೀವೋ ಕಂಡರೆ ಅಂದೇ ವೈದ್ಯರನ್ನು ಕಾಣಬೇಕು. ಇದು ಕೇವಲ ಹಿತದ ಮಾತಲ್ಲ: ಉರಿ ತಾಳಲಾರದೆ ನಡುವೆ ಚಿಕಿತ್ಸೆ ನಿಲ್ಲಿಸಿದರೆ, ವಿಶೇಷವಾಗಿ ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ, ರೋಗವನ್ನು ಗೆಲ್ಲುವ ಸಾಧ್ಯತೆಯೇ ಕುಗ್ಗುತ್ತದೆ.

ಇಷ್ಟು ತಿಳಿದೂ, ಪಟ್ಟಿ ಬದಲಿಸಿಕೊಳ್ಳುವುದಕ್ಕಾಗಿ ಬೆಂದ ಕತ್ತನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅರಸೀಕೆರೆಯಿಂದ ಬೆಂಗಳೂರಿನವರೆಗೆ ಒಬ್ಬ ತಾಯಿ ಮತ್ತೆ ರೈಲಿನ ನೂಕುನುಗ್ಗಲಿನಲ್ಲಿ ಹೋಗಬೇಕೆ? ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಈ ಗಾಯವನ್ನು ನೋಡಿಕೊಳ್ಳಲು ತರಬೇತಿ ಪಡೆದ ಒಬ್ಬ ದಾದಿಯೂ, ಅಂಟದ ಪಟ್ಟಿಗಳ ದಾಸ್ತಾನೂ ಇರತಕ್ಕದ್ದು. ರೋಗಿಯ ಕೈಚೀಲದಲ್ಲಿರುವ ಬಿಡುಗಡೆಯ ಪತ್ರದಲ್ಲಿ, ಮುಂದಿನ ಹದಿನೈದು ದಿನ ಏನಾದೀತು, ಏನು ಮಾಡಬೇಕು, ಯಾರಿಗೆ ಫೋನು ಮಾಡಬೇಕು ಎಂಬ ನಾಲ್ಕು ಸಾಲು ಅವನ ಮನೆಯವರು ಓದಬಲ್ಲ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದಿರಬೇಕು.