ಎಚ್‌ಡಿ ಟಿವಿ ತೊಗೋಬೇಕೋ, ಬ್ಯಾಡೋ?

ಹ್ವಾದ ವಾರ ಎದುರು ಮನಿ ಅಕ್ಕಾರು ಸಾರಿನ ಪುಡಿ ಒಯ್ಯಾಕ ಬಂದವರು ಪಡಸಾಲ್ಯಾಗಿನ ಹೊಸಾ ಟಿವಿ ನೋಡಿ ನಿಂತ್ರು. "ಅಲ್ಲವಾ, ಇದಕ್ಕ ಇಷ್ಟು ರೊಕ್ಕ ಹಾಕೂದು ಖರೇನ ಬೇಕಾಗಿತ್ತೇನು? ನಮ್ಮ ಡಬ್ಬಿ ಟಿವಿ ಇನ್ನೂ ಗಟ್ಟಿ ಐತಿ ನೋಡು" ಅಂದ್ರು. ಒಲಿ ಮ್ಯಾಲೆ ಹಾಲಿತ್ತು, ಪೂರ್ತಿ ಉತ್ತರ ಹೇಳಾಕ ಆಗಲಿಲ್ಲ. ಮರುದಿನ ನನ್ನ ತಂಗಿನೂ ಫೋನ್ ಹಚ್ಚಿ ಅದನ್ನ ಕೇಳಿದ್ಲು. ಅದಕ್ಕ ಇಬ್ಬರಿಗೂ ಕೂಡೇ ಬರೀತೀನಿ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಟಿವಿ ತರೂದಕ್ಕಿಂತ ಮೊದಲ ಮೂರು ಲೆಕ್ಕ ಹಾಕಬೇಕು. ಮನ್ಯಾಗ ಅದನ್ನ ಯಾರು ನೋಡ್ತಾರ, ಎಷ್ಟು ದೂರ ಕುಂತು ನೋಡ್ತಾರ, ಅದರೊಳಗ ಏನು ಬರ್ತೈತಿ. ಈ ಲೆಕ್ಕ ಕೂಡಿದ್ರ ಎಚ್‌ಡಿ ಟಿವಿ ರೊಕ್ಕಕ್ಕ ಮೋಸ ಇಲ್ಲ. ಕೂಡಲಿಲ್ಲ ಅಂದ್ರ ಎಷ್ಟು ದೊಡ್ಡದು ತಂದ್ರೂ ಗ್ವಾಡಿಗೆ ಕರಿ ಹಲಗಿ ಹೊಡದಂಗ.

ನಮ್ಮ ವಯಸ್ಸಿನವರಿಗೆ ಟಿವಿ ಅಂದ್ರ ಏನು ಅನ್ನೂದು ನಿಮಗೂ ಗೊತ್ತು. 1987ರಾಗ ರಾಮಾಯಣ ಶುರು ಆದಾಗ ನಾನು ಪಿಯುಸಿ ಓದಾಕತ್ತಿದ್ದೆ. ಹುಬ್ಬಳ್ಳಿಯ ನಮ್ಮ ಕಾಕಾನ ಮನ್ಯಾಗ ಭಾನುವಾರ ಮುಂಜಾನೆ ಓಣಿ ಮಂದಿಯೆಲ್ಲಾ ಚಾಪಿ ಮ್ಯಾಲೆ ಕುಂಡ್ರತಿದ್ವಿ. ಚಿತ್ರ ನಡಗಿದ್ರ ಒಬ್ಬಾವ ಮಾಳಗಿ ಏರಿ ಎಂಟೆನಾ ತಿರಗಸಾಂವ. "ಬಂತು, ಬಂತು, ಅಲ್ಲೇ ನಿಂದ್ರು" ಅಂತ ನಾವು ಕೆಳಗಿಂದ ಒದರೂದು. ಆವಾಗ ಯಾರಿಗೂ ಚಿತ್ರ ಚೊಕ್ಕ ಐತೋ ಇಲ್ಲೋ ಅನ್ನೂ ಚಿಂತಿ ಇರಲಿಲ್ಲ, ಬಂದ್ರ ಸಾಕಾಗಿತ್ತು.

ಅದಕ್ಕ ನಮ್ಮ 21 ಇಂಚಿನ ಡಬ್ಬಿ ಟಿವಿನೂ ನಾನು ಇಷ್ಟು ವರ್ಷ ಬದಲಿ ಮಾಡಲಿಲ್ಲ. ಬದಲಿ ಮಾಡಬೇಕು ಅನಿಸಿದ್ದು ನಮ್ಮ ಅತ್ತಿಯವರ ಸಲುವಾಗಿ. ಅವರಿಗೆ ಈಗ 82. ಎರಡೂ ಕಣ್ಣಿನ ಪೊರೆ ತಗಸೇವಿ. ಸುದ್ದಿ ನೋಡೂದಂದ್ರ ಅವರಿಗೆ ಭಾಳ ಜೀವ. ಆದರೆ ಈಗಿನ ಚಾನಲ್ಲು ಅಗಲ ಪರದೆಯ ಲೆಕ್ಕಕ್ಕ ಇರ್ತಾವ. ಹಳೆ ಟಿವಿಯಾಗ ಮ್ಯಾಲೆ ಕೆಳಗ ಕರಿ ಪಟ್ಟಿ ಬಂದು, ನಡುವ ಚಿತ್ರ ಸಣ್ಣದಾಗಿ, ಕೆಳಗ ಓಡೋ ಅಕ್ಷರ ಸಾಸಿವಿ ಕಾಳಿನಷ್ಟ ಕಾಣ್ತಿದ್ವು. ಪಾಪ, ಅವರು ಸ್ಟೂಲ್ ತೊಗೊಂಡು ಟಿವಿ ಮುಂದ ಮೂರು ಫೂಟಿನ್ಯಾಗ ಕುಂಡ್ರತಿದ್ರು. ನಾವು "ಹಿಂದ ಸರೀರಿ ಅತ್ತಿ, ನಮಗ ಕಾಣ್ಸೂದಿಲ್ಲ" ಅಂತಿದ್ವಿ. ನಾನೂ ಅಂದೀನಿ, ಸುಳ್ಳ್ಯಾಕ ಹೇಳಲಿ. ಒಂದಿನ ಅವರು ಸ್ಟೂಲ್ ಒಳಗಿಟ್ಟು, "ನನಗ ಇನ್ನ ಟಿವಿ ಬ್ಯಾಡವಾ, ಕಣ್ಣು ಹ್ವಾದ್ವು" ಅಂದು ತಮ್ಮ ಖೋಲಿಗೆ ಹೋಗಿ ಮಲಕೊಂಡ್ರು. ಆ ಮಾತು ನನಗ ಚುಚ್ಚಿತು. ಕಣ್ಣಿನ ಡಾಕ್ಟರು ಕಣ್ಣು ಚೊಲೋ ಅದಾವು ಅಂದಿದ್ರು. ಹಂಗಾದ್ರ ತಪ್ಪು ಡಬ್ಬಿದಲ್ಲೇನು?

ನನ್ನ ಹತ್ರ ಭಿಶಿಯಿಂದ ಬಂದ 25 ಸಾವಿರ ಇತ್ತು. ನನ್ನ ಬೆಂಡೋಲಿ ಸವದು ಹೋಗ್ಯಾವ, ಅವನ್ನ ಮುರಿಸಿ ಹೊಸಾವು ಮಾಡಸಬೇಕು ಅಂತ ಕೂಡಿಟ್ಟಿದ್ದು. ಮಗ ಪುಣೇದಿಂದ, "ಅವ್ವಾ, ನಿನ್ನ ರೊಕ್ಕ ಮುಟ್ಟಬ್ಯಾಡ, ನಾನು 55 ಇಂಚಿನ 4ಕೆ ಕಳಸ್ತೀನಿ, ಕಂತಿನ ಮ್ಯಾಲೆ" ಅಂದ. ನಮ್ಮ ಮನಿಯವರು, "ಮೊಬೈಲಿನ್ಯಾಗ ಎಲ್ಲಾ ಬರ್ತೈತಿ, ಟಿವಿ ಯಾಕ ಬೇಕು" ಅಂದ್ರು. ನೋಡ್ರಿ, ನೋಡಾಕಿ ಮುದುಕಿ, ಒರೆಸಿ ಇಡಾಕಿ ನಾನು, ತೀರ್ಮಾನ ಮಾತ್ರ ಇವರಿಬ್ಬರದು. ನಾನು ಈ ಸರ್ತಿ ಸುಮ್ಮನ ಕುಂಡ್ರಲಿಲ್ಲ. ಎಚ್‌ಡಿ ಅಂದ್ರೇನು ಅಂತ ನನ್ನಷ್ಟಕ್ಕ ನಾನು ತಿಳಕೊಳ್ಳಾಕ ಹತ್ತಿದೆ.

ಅದು ನಮ್ಮ ಚುಕ್ಕಿ ರಂಗೋಲಿ ಇದ್ದಂಗ. ಟಿವಿ ಚಿತ್ರ ಅಂದ್ರ ಬರೇ ಚುಕ್ಕಿ. ಹಳೆ ಸಾದಾ ಚಾನಲ್ಲಿನ ಚಿತ್ರಕ್ಕ ಅಡ್ಡ 720, ಉದ್ದ 576, ಸುಮಾರು 4 ಲಕ್ಷ ಚುಕ್ಕಿ. 32 ಇಂಚಿನ 'ಎಚ್‌ಡಿ ರೆಡಿ' ಟಿವಿಯಾಗ ಸುಮಾರು 10 ಲಕ್ಷ. ಫುಲ್ ಎಚ್‌ಡಿ ಅಂದ್ರ 1920ಕ್ಕ 1080, ಸುಮಾರು 20 ಲಕ್ಷ. 4ಕೆ ಅಂದ್ರ ಅದರ ನಾಕ ಪಟ್ಟು, 83 ಲಕ್ಷದ ಹತ್ರ. ಚುಕ್ಕಿ ಹೆಚ್ಚಾದಷ್ಟು ಗೆರಿ ನಯ. ಆದರೆ ರಂಗೋಲಿ ಹತ್ರ ಹೋದ್ರಷ್ಟ ಚುಕ್ಕಿ ಕಾಣ್ತಾವ, ಹೊಸ್ತಿಲದಾಗ ನಿಂತು ನೋಡಿದ್ರ ಗೆರಿ ಒಂದ ಕಾಣ್ತೈತಿ. ಹಂಗ 43 ಇಂಚಿನ ಫುಲ್ ಎಚ್‌ಡಿ ಟಿವಿಯನ್ನ ಆರು ಫೂಟಿಗಿಂತ ಹಿಂದ ಕುಂತು ನೋಡಿದ್ರ, ಚೊಲೋ ಕಣ್ಣಿಗೂ ಚುಕ್ಕಿ ಬ್ಯಾರೆ ಬ್ಯಾರೆ ಕಾಣೂದಿಲ್ಲ. ನಾನು ಸೀರಿ ಅಳೆಯೋ ಟೇಪ್ ಹಿಡಕೊಂಡು ಅತ್ತಿಯವರ ಕುರ್ಚಿಯಿಂದ ಗ್ವಾಡಿತನಕ ಅಳದೆ. ಒಂಬತ್ತು ಫೂಟು. ಅಲ್ಲಿಂದ 4ಕೆ ಚುಕ್ಕಿ ಎಣಸಾಕ ಹದ್ದಿನ ಕಣ್ಣು ಬೇಕು. ಮಗನಿಗೆ ಫೋನ್ ಹಚ್ಚಿ, "ನಿನ್ನ ಕಂತು ನಿನ್ನ ಹತ್ರ ಇರಲಿ" ಅಂದೆ.

ಇನ್ನ ಅಂಗಡಿ ಮಾತು. ಅಲ್ಲಿ ಎಲ್ಲಾ ಟಿವಿಯಾಗ ಗಿಳಿ, ಹೂವು, ಸಮುದ್ರದ ಮೀನಾ ಓಡ್ಯಾಡ್ತಿರ್ತಾವ. ಕಣ್ಣಿಗೆ ರಾಚೂ ಬಣ್ಣ. ಅದು ಅಂಗಡಿಯವರು ತೋರಸಾಕಂತನ ಇಟ್ಟ ಚಿತ್ರ, ನಮ್ಮ ಮನ್ಯಾಗ ಬರೂದಲ್ಲ. ನಾನು ಮಾರೋ ಹುಡುಗನಿಗೆ, "ತಮ್ಮಾ, ಆ ಗಿಳಿ ಬಂದ್ ಮಾಡು, ಕೇಬಲ್ಲಿನ ಕನ್ನಡ ಸುದ್ದಿ ಚಾನಲ್ ಹಚ್ಚಿ ತೋರಸು" ಅಂದೆ. ಅವನ ಮಾರಿ ಸಣ್ಣದಾತು. ಹಚ್ಚಿದ ಮ್ಯಾಲೆ 55 ಇಂಚಿನ ದೊಡ್ಡ ಟಿವಿಯಾಗನ ಸಾದಾ ಚಾನಲ್ಲು ಎಲ್ಲಾಕ್ಕಿಂತ ಕೆಟ್ಟ ಕಾಣ್ಸಿತು. ಯಾಕಂದ್ರ 4 ಲಕ್ಷ ಚುಕ್ಕಿ ರಂಗೋಲಿಯನ್ನ ಇಡೀ ಅಂಗಳಕ್ಕ ಎಳದಂಗ ಆಗ್ತೈತಿ. ನಡುವಿನ ಚುಕ್ಕಿ ಟಿವಿ ತಾನ ಅಂದಾಜಿನ ಮ್ಯಾಲೆ ಇಡ್ತೈತಿ. ನಾನು 43 ಇಂಚಿನ ಫುಲ್ ಎಚ್‌ಡಿ ಆರಿಸಿದೆ, 22 ಸಾವಿರಕ್ಕ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ ಮ್ಯಾಲಿನ ಜಿಎಸ್‌ಟಿ ನೂರಕ್ಕ 28ರಿಂದ 18ಕ್ಕ ಇಳದೈತಲ್ಲ, ಅದೂ ನನಗ ಅನುಕೂಲ ಆತು.

ಈಗ ನನ್ನ ಫಜೀತಿ ಕೇಳ್ರಿ. ಟಿವಿ ಬಂತು, ಗ್ವಾಡಿಗೆ ಕುಂತಿತು, ಚಾಲೂ ಮಾಡಿದ್ವಿ. ಎಲ್ಲಾ ಮಾರಿ ಮಸಕು, ಮ್ಯಾಲಾಗಿ ದಪ್ಪ ದಪ್ಪ. ಹಳೆ ಧಾರಾವಾಹಿ ಹಚ್ಚಿದ್ರ ಸೀತಾಮಾತಾ ವನವಾಸದಾಗ ತೂಕ ಏರಿಸಿದಂಗ ಕಾಣಾಕತ್ತಿದ್ಲು! ನಮ್ಮ ಮನಿಯವರು ಒಂದ ಮಾತು ಅಂದ್ರು: "ಬೆಂಡೋಲಿನ ಮಾಡಿಸಿದ್ರ ಕಿವ್ಯಾಗರ ಇರ್ತಿದ್ವು." ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಎಲ್ಲಾರ ಮುಂದ ದೊಡ್ಡ ಲೆಕ್ಕ ಹೇಳಿ, ನಾನ ತಪ್ಪಿದೆನೇನು ಅನಿಸಿತು.

ತಪ್ಪಿದ್ದು ಖರೇ, ಆದರೆ ಟಿವಿ ಆರಿಸೂದ್ರಾಗ ಅಲ್ಲ. ಮರುದಿನ ಕೇಬಲ್ ಹುಡುಗ ಬಂದು ಹಿಂದ ಬಗ್ಗಿ ನೋಡಿ ನಕ್ಕ. ಹಳೆ ಸೆಟ್ ಟಾಪ್ ಬಾಕ್ಸು, ಅದಕ್ಕ ಹಳದಿ-ಕೆಂಪು-ಬಿಳಿ ಮೂರು ಬಾಲದ ವೈರು. ಆ ವೈರಿನ್ಯಾಗ ಎಚ್‌ಡಿ ಹಾಯೂದ ಇಲ್ಲಂತ. ಎಚ್‌ಡಿ ಬಾಕ್ಸ್ ಇದ್ರೂ ಆ ವೈರ್ ಹಚ್ಚಿದ್ರ ಸಾದಾ ಚಿತ್ರನ ಬರ್ತೈತಿ. ಎಚ್‌ಡಿಎಂಐ ಅನ್ನೋ ಚಪ್ಪಟಿ ಮುಖದ ಒಂದ ವೈರ್ ಬೇಕು. ಬಾಕ್ಸ್ ಬದಲಿ ಮಾಡಿದ, ವೈರ್ ಹಚ್ಚಿದ, ಎಚ್‌ಡಿ ಚಾನಲ್ ಹಾಕಿಸಿಕೊಂಡೆ. ದಪ್ಪ ಮಾರಿ ಸಲುವಾಗಿ ರಿಮೋಟಿನ್ಯಾಗ ಚಿತ್ರದ ಅಳತಿ ಬದಲಿ ಮಾಡೂದು ತೋರಿಸಿದ. ಹಳೆ ಧಾರಾವಾಹಿಗೆ 4:3 ಇಟ್ರ ಆಜೂಬಾಜೂ ಕರಿ ಪಟ್ಟಿ ಬರ್ತಾವ, ಆದರೆ ಮಂದಿ ಮಂದಿಯಂಗ ಕಾಣ್ತಾರ. ಒಂದು ಮಾತು ನೆನಪಿಡ್ರಿ, ಆ ಕಾಲದ ಟೇಪಿನ ಮ್ಯಾಲೆ ತಗದ ಧಾರಾವಾಹಿ ಯಾವ ಟಿವಿಯಾಗೂ ಹೊಸಾದಾಗೂದಿಲ್ಲ.

ಅವತ್ತು ಸಂಜಿಕೆ ಅತ್ತಿಯವರನ್ನ ಕರಕೊಂಡು ಬಂದು ಅವರ ಕುರ್ಚಿಯಾಗನ ಕುಂಡ್ರಿಸಿದೆ, ಸ್ಟೂಲ್ ಕೊಡಲಿಲ್ಲ. ಸುದ್ದಿ ಹತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಳಗಿನ ಸಾಲು ಬಾಯಿಬಿಟ್ಟು ಓದಿದ್ರು: "ನವಿಲುತೀರ್ಥದಾಗ ನೀರು ಏರೇತಂತ." ನಮ್ಮ ಮನಿಯವರು ಪೇಪರ್ ಕೆಳಗಿಟ್ಟು ಅವರ ಮಾರಿ ನೋಡಿದ್ರು. ಅತ್ತಿಯವರು ನನ್ನ ಕಡೆ ತಿರುಗಿ, "ಕಣ್ಣು ಹೋಗಿಲ್ಲ ಬಿಡವಾ" ಅಂದ್ರು. ನನ್ನ 22 ಸಾವಿರ ಅಲ್ಲೇ ಮುಟ್ಟಿತು.

ಹಂಗಂತ ಎಲ್ಲಾರೂ ನಾಳೆನ ಅಂಗಡಿಗೆ ಹೋಗ್ರಿ ಅನ್ನೂದಿಲ್ಲ. ನಮ್ಮಂಥಾವರು ಟಿವಿ ನೋಡೂದಕ್ಕಿಂತ ಕೇಳೂದ ಹೆಚ್ಚು. ರೊಟ್ಟಿ ಬಡಕೋತ ಅಡಗಿ ಮನಿಯಿಂದ ಧಾರಾವಾಹಿ ಕೇಳ್ತೀವಿ, ಯಾರರ ಒದರಿದ್ರ ಅಷ್ಟ ಹೊರಗ ಹಣಿಕಿ ಹಾಕ್ತೀವಿ. ಕಿವಿಗೆ ಎಚ್‌ಡಿ ಬೇಕಾಗಿಲ್ಲ. ಮತ್ತ ಹೊಸಾ ತೆಳ್ಳನ ಟಿವಿಯಾಗ ಧ್ವನಿ ಬರೂದು ಕೆಳಗಿಂದ ಇಲ್ಲಾ ಹಿಂದಿನಿಂದ. ನಮ್ಮ ಡಬ್ಬಿಯ ಧ್ವನಿ ನೆಟ್ಟಗ ಅಡಗಿ ಮನಿಗೆ ಬರ್ತಿತ್ತು, ಇದರದು ಗ್ವಾಡಿಗೆ ಬಡದು ಅಲ್ಲೇ ಉಳೀತೈತಿ. ಈ ಒಂದರಾಗ ನಾನು ಕಳಕೊಂಡೀನಿ, ಒಪ್ಪಿಕೊಳ್ತೀನಿ.

ಅದಕ್ಕ ಎದುರು ಮನಿ ಅಕ್ಕಾರಿಗೆ ನನ್ನ ಉತ್ತರ ಇಷ್ಟ. ನಿಮ್ಮ ಡಬ್ಬಿ ಚಿತ್ರ ಚೊಲೋ ಐತಿ, ಮನ್ಯಾಗ ಅಕ್ಷರ ಓದೋ ಮುದುಕರಿಲ್ಲ, ನೀವು ಕೇಳೋರು, ಸದ್ಯ ಬ್ಯಾಡ್ರಿ. ತಂಗಿಗೆ ಬ್ಯಾರೆ ಉತ್ತರ. ನಿಮ್ಮ ಮಾವನವರು ಟಿವಿ ಮುಂದ ಮುಂದ ಸರಿಯಾಕತ್ತ್ಯಾರ ಅಂದಿದ್ದೆಲ್ಲ, ತೊಗೋ. ಆದರೆ ಮೊದಲ ಕುರ್ಚಿಯಿಂದ ಗ್ವಾಡಿ ಅಳಿ. ಎಂಟೊಂಬತ್ತು ಫೂಟಿದ್ರ 43 ಇಂಚು ಸಾಕು. ಫುಲ್ ಎಚ್‌ಡಿಗೂ 4ಕೆಗೂ ಬೆಲಿ ಫರಕ್ ಭಾಳ ಇಲ್ಲಂದ್ರ 4ಕೆ ತಂದ್ರೂ ತಪ್ಪಿಲ್ಲ, ಅದಕ್ಕಂತ ಸಾಲ ಮಾಡಬ್ಯಾಡ. ಬಾಕ್ಸು, ವೈರು, ತಿಂಗಳಾ ಹೆಚ್ಚಿಗೆ ಕೊಡೂದು, ಎಲ್ಲಾ ಕೂಡಿಸಿ ಲೆಕ್ಕ ಹಾಕು. ನಮಗ ಬಾಕ್ಸ್ ಖರ್ಚು ಬಿಟ್ಟು ತಿಂಗಳಾ ನೂರು ರೂಪಾಯಿ ಏರೇತಿ. ಒಂದ ಚಾನಲ್ಲಿನ ಸಾದಾದೂ ಎಚ್‌ಡಿದೂ ಎರಡೂ ಹಾಕಿರ್ತಾರ, ಸಾದಾದು ತಗಿಸಿಬಿಡು.

ಬೆಂಡೋಲಿ ಮುಂದಿನ ಭಿಶಿಗೆ. ಬಂಗಾರದ ಧಾರಣಿ ಕೇಳಿದ್ರ ಅದರ ಮುಂದಿನದಕ್ಕ. ಈಗ ಅತ್ತಿಯವರು ದಿನಾ ಸಂಜಿಕೆ ಓದಿ ಹೇಳ್ತಾರಲ್ಲ, ಧಾರಣಿ ನನಗ ಅಡಗಿ ಮನ್ಯಾಗನ ಗೊತ್ತಾಗ್ತೈತಿ.