ಕಲಿಯುವ ಕೈಗೆ ಎಂಥ ಕಬ್ಬಿಣ

ಪಕ್ಕದ ಮನೆಯ ಹುಡುಗ ಗಾಲ್ಫ್ ಹಿಡಿದು ಎರಡು ವರ್ಷವಾಯಿತು. ಬೆಂಗಳೂರಿನ ಕಂಪನಿ ಕೆಲಸ, ಭಾನುವಾರ ಬೆಳಿಗ್ಗೆ ಹದಿನೆಂಟು ಹೋಲ್, ವಾರದ ನಡುವೆ ಬಿಡುವಾದರೆ ಒಂದು ಸಂಜೆ ಡ್ರೈವಿಂಗ್ ರೇಂಜ್. ಹ್ಯಾಂಡಿಕ್ಯಾಪ್ 28ರಿಂದ 18ಕ್ಕೆ ಇಳಿದ ವಾರವೇ ನಮ್ಮ ಮನೆಗೆ ಬಂದು ಕೇಳಿದ: "ಅಂಕಲ್, ಇನ್ನು ನಾನು ಫೋರ್ಜ್ಡ್ ಐರನ್ ತಗೋಬಹುದಾ?"

'ತಗೊಳ್ಳಲಾ' ಅಂದಿದ್ದರೆ ದುಡ್ಡಿನ ಮಾತಾಗುತ್ತಿತ್ತು. 'ತಗೋಬಹುದಾ' ಅಂದ. ಅವನ ಪಾಲಿಗೆ ಆ ಕ್ಲಬ್‌ಗಳು ಅಂಗಡಿಯ ಸಾಮಾನಲ್ಲ, ಅರ್ಹತೆಯ ಗುರುತು. ತೆಳ್ಳಗೆ, ಹೊಳಪಾಗಿ, ಹಿಂಬದಿಯಲ್ಲಿ ಒಂದು ತಗ್ಗೂ ಇಲ್ಲದ ಬ್ಲೇಡ್ ಆಟ ಬಲ್ಲವರ ಚೀಲದಲ್ಲಿ ಇರತಕ್ಕದ್ದು. ದಪ್ಪ ತಳದ, ಅಗಲ ಮುಖದ ಐರನ್ ಇನ್ನೂ ಕಲಿಯುತ್ತಿರುವವರದು. ಈ ನಂಬಿಕೆ ಅವನೊಬ್ಬನದಲ್ಲ. ಸ್ವಲ್ಪ ಸುಧಾರಿಸಿದ ಪ್ರತಿಯೊಬ್ಬ ಆಟಗಾರನೂ ಈ ತಿರುವಿಗೆ ಬಂದು ನಿಲ್ಲುತ್ತಾನೆ. ಒಂದು ಸೆಟ್‌ಗೆ ಲಕ್ಷ ರೂಪಾಯಿಯ ಆಸುಪಾಸು ಹೋಗುವ ಮಾತು, ಅದರ ಹಿಂದೆ ಹಲವು ವರ್ಷದ ಆಟದ ಸುಖದುಃಖವೂ ಇದೆ. ಆದ್ದರಿಂದ ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಬೇಕು ಅನ್ನಿಸಿತು.

ಮೊದಲ ತೊಡಕು ಪದಗಳಲ್ಲೇ ಇದೆ. 'ಫರ್ಗಿವಿಂಗ್' ಬೇಕೋ 'ಫೋರ್ಜ್ಡ್' ಬೇಕೋ ಎಂದು ಕೇಳುವುದು ಕೈಮಗ್ಗದ ಸೀರೆ ಬೇಕೋ ತೆಳು ಸೀರೆ ಬೇಕೋ ಎಂದು ಕೇಳಿದ ಹಾಗೆ. ಒಂದು ಪದ ಕ್ಲಬ್ಬನ್ನು ಹೇಗೆ ಮಾಡಿದರು ಎಂಬುದನ್ನು ಹೇಳುತ್ತದೆ, ಇನ್ನೊಂದು ಅದು ಹೇಗೆ ವರ್ತಿಸುತ್ತದೆ ಎಂಬುದನ್ನು. ಕನ್ನಡದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಫರ್ಗಿವಿಂಗ್ ಎಂದರೆ ತಪ್ಪನ್ನು ಕ್ಷಮಿಸುವಂಥದ್ದು, ಫೋರ್ಜ್ಡ್ ಎಂದರೆ ಕಾಸಿ ಬಡಿದದ್ದು. ಮೆದು ಕಾರ್ಬನ್ ಉಕ್ಕಿನ ಸರಳನ್ನು ಕೆಂಪಗೆ ಕಾಸಿ, ಅಚ್ಚಿಗಿಟ್ಟು, ಭಾರಿ ಯಂತ್ರದ ಸುತ್ತಿಗೆಯಿಂದ ಬಡಿದು ರೂಪ ಕೊಡುತ್ತಾರೆ. ಮೇಲೆ ನಿಕ್ಕಲ್, ಕ್ರೋಮ್ ಲೇಪ ಕೊಡುತ್ತಾರೆ. ಇದಕ್ಕೆ ಎದುರಾಗಿ ನಿಲ್ಲಬೇಕಾದ ಪದ ಎರಕ. ಮೇಣದಲ್ಲಿ ಮಾದರಿ ಮಾಡಿ, ಅದರ ಸುತ್ತ ಗಟ್ಟಿ ಕವಚ ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಕರಗಿದ ಸ್ಟೇನ್‌ಲೆಸ್ ಉಕ್ಕು ಹೊಯ್ಯುತ್ತಾರೆ. ಪಂಚಲೋಹದ ಮೂರ್ತಿ ಮಾಡುವವರಿಗೆ ಸಾವಿರಾರು ವರ್ಷದಿಂದ ಗೊತ್ತಿರುವ ವಿದ್ಯೆಯೇ ಇದು. ಎರಕದಲ್ಲಿ ಎಂಥ ಜಟಿಲ ಆಕಾರವೂ ಸಾಧ್ಯ, ಹಿಂಬದಿಯನ್ನು ತಗ್ಗು ಮಾಡಬಹುದು, ಲೋಹವನ್ನು ಬೇಕೆಂದ ಕಡೆ ಇಡಬಹುದು. ಹಾಗಾಗಿ ತಪ್ಪು ಸಹಿಸುವ ಕ್ಲಬ್‌ಗಳು ಬಹುಪಾಲು ಎರಕದಲ್ಲೇ ಹುಟ್ಟಿದವು, ಎರಡು ಪದಗಳು ತಳಕು ಹಾಕಿಕೊಂಡವು. ಇವತ್ತು ಬಡಿದ ಉಕ್ಕಿನಲ್ಲೂ ಹಿಂಬದಿ ತಗ್ಗಿರುವ ಕ್ಯಾವಿಟಿ ಬ್ಯಾಕ್ ಕ್ಲಬ್‌ಗಳು ಧಾರಾಳವಾಗಿ ಸಿಗುತ್ತವೆ. ಮುಖ ಮಾತ್ರ ಬಡಿದು, ಮೈಯನ್ನು ಎರಕ ಹೊಯ್ದು, 'ಫೋರ್ಜ್ಡ್' ಎಂದು ಬರೆದು ಮಾರುವುದೂ ಉಂಟು.

ಹಾಗಾದರೆ ಬಡಿದ ಉಕ್ಕಿಗೆ ತನ್ನದೇ ಆದ ಗುಣ ಇಲ್ಲವೇ? ಇದೆ, ಒಂದು ನಿಜವಾದ ಗುಣ. ಅದು ಮೆದು, ಬಗ್ಗುತ್ತದೆ. ಆಟಗಾರನ ಎತ್ತರಕ್ಕೆ, ನಿಲುವಿಗೆ ತಕ್ಕಂತೆ ಕ್ಲಬ್ಬಿನ ದಂಡ ನೆಲಕ್ಕೆ ಓರೆಯಾಗಿ ನಿಲ್ಲುವ ಲೈ ಕೋನವನ್ನು ಒಂದೆರಡು ಡಿಗ್ರಿ ಸರಿಪಡಿಸಲು ಗಟ್ಟಿ ಸ್ಟೇನ್‌ಲೆಸ್ ಎರಕಕ್ಕಿಂತ ಇದು ಎಷ್ಟೋ ಸುಲಭ. ಲೈ ತಪ್ಪಿದ್ದರೆ ನೇರ ಹೊಡೆದ ಚೆಂಡೂ ಎಡಕ್ಕೋ ಬಲಕ್ಕೋ ಹೋಗುತ್ತದೆ. ಆದರೆ ಅಂಗಡಿಯಲ್ಲಿ ಯಾರೂ ಇದನ್ನು ಮುಂದಿಡುವುದಿಲ್ಲ. ಅಲ್ಲಿ ಕೇಳಿಬರುವುದು 'ಫೀಲ್', ಬೆಣ್ಣೆ ಕತ್ತರಿಸಿದ ಹಾಗೆ ಎಂಬ ಮಾತು. ಆ ಸುಖ ಸುಳ್ಳೆಂದು ನಾನು ಹೇಳಲಾರೆ, ಅನುಭವಿಸಿದ್ದೇನೆ. ಆದರೆ ಚೆಂಡು ಕ್ಲಬ್ಬಿನ ಮುಖದ ಮೇಲಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಅಂಗೈಯ ಸುದ್ದಿ ಮಿದುಳಿಗೆ ಮುಟ್ಟುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಫೀಲ್ ಎಂದು ನಾವು ಕರೆಯುವುದರಲ್ಲಿ ಕಿವಿಯ ಪಾಲು ದೊಡ್ಡದು; ಆ ಸದ್ದನ್ನು ಬದಲಿಸುವುದರಲ್ಲಿ ಉಕ್ಕಿನ ಜಾತಿಗಿಂತ ತಲೆಯ ಆಕಾರ, ಚೆಂಡು ತಾಗಿದ ಜಾಗ, ಚೆಂಡಿನ ಜಾತಿ ಮುಂದು. ಮಧ್ಯಕ್ಕೆ ತಾಗಿದ ಎರಕದ ಕ್ಲಬ್ ಅಂಚಿಗೆ ತಾಗಿದ ಬ್ಲೇಡಿಗಿಂತ ಸಾವಿರ ಪಾಲು ಸುಖ ಕೊಡುತ್ತದೆ.

ಇನ್ನು ಆ 'ಕ್ಷಮೆ'ಯ ವಿಷಯ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿ ಕೈಯಲ್ಲಿ ಉದ್ದನೆಯ ಬಿದಿರು ಅಡ್ಡ ಹಿಡಿದಿರುತ್ತಾಳೆ. ಭಾರ ದೇಹದಿಂದ ದೂರದಲ್ಲಿ, ಎರಡೂ ಕೊನೆಗಳಲ್ಲಿ ಹಂಚಿಹೋಗಿರುವುದರಿಂದ ಸಣ್ಣ ತೂಗಾಟಕ್ಕೆ ಅವಳು ಮಗುಚುವುದಿಲ್ಲ. ಐರನ್ನಿನ ತಲೆಗೂ ಇದೇ ನ್ಯಾಯ. ಬ್ಲೇಡಿನಲ್ಲಿ ಲೋಹವೆಲ್ಲ ನಡುವಿನಲ್ಲಿ ಒತ್ತಾಗಿರುತ್ತದೆ. ಚೆಂಡು ತಲೆಯ ತುದಿಯಾದ ಟೋ ಕಡೆಗೋ ದಂಡದ ಬುಡವಾದ ಹೀಲ್ ಕಡೆಗೋ ಅರ್ಧ ಇಂಚು ಸರಿದು ತಾಗಿದರೆ ತಲೆ ತಿರುಚಿಕೊಳ್ಳುತ್ತದೆ, ವೇಗ ಸೋರಿಹೋಗುತ್ತದೆ, ಚೆಂಡು ಗ್ರೀನ್ ಮುಟ್ಟದೆ ಮುಂದಿನ ಬಂಕರಿಗೆ ಬೀಳುತ್ತದೆ. ಅದೇ ತೂಕವನ್ನು ಅಂಚಿಗೆ ಒಯ್ದಿಟ್ಟರೆ ತಿರುಚುವುದು ಕಡಿಮೆ, ಸೋರುವುದೂ ಕಡಿಮೆ.

ಇದನ್ನು ಕಾರ್ಖಾನೆಗೆ ತಂದವನು ಕಾರ್ಸ್ಟನ್ ಸೋಲ್‌ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ, ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಈತ ಗಾಲ್ಫ್ ಹಿಡಿದದ್ದೇ 42ನೆಯ ವಯಸ್ಸಿನಲ್ಲಿ. ಪಟಿಂಗ್ ಕೈಗೆ ಹತ್ತಲಿಲ್ಲ. 1959ರಲ್ಲಿ ತೂಕವನ್ನು ಎರಡು ಕೊನೆಗಳಿಗೆ ಸರಿಸಿದ ಪಟರ್ ಮಾಡಿದ. ಚೆಂಡಿಗೆ ತಾಗಿದಾಗ ಅದು ಮಾಡಿದ ಸದ್ದೇ ಕಂಪನಿಗೆ ಹೆಸರಾಯಿತು, ಪಿಂಗ್. ಅದೇ ವಿಚಾರ 1960ರ ದಶಕದ ಕೊನೆಗೆ ಐರನ್‌ಗೆ ಬಂತು, 1982ರಲ್ಲಿ ಬಂದ ಐ 2 ಐರನ್‌ಗಳನ್ನು ವೃತ್ತಿಪರರೂ ಹಿಡಿದರು. ಈ ಚರಿತ್ರೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ವಯಸ್ಸಾದ ಮೇಲೆ ಕಲಿಯಲು ಕೂತ ಒಬ್ಬ ಮನುಷ್ಯ ತನ್ನ ತೊಡಕನ್ನು ಗಂಭೀರವಾಗಿ ತೆಗೆದುಕೊಂಡ, ಅದರಿಂದ ಎಲ್ಲರಿಗೂ ಉಪಕಾರವಾಯಿತು. ಇದನ್ನು ಕೆಳದರ್ಜೆಯ ಸಾಮಾನು ಎನ್ನುವುದು ಅನ್ಯಾಯ.

ಆದರೆ ಎದುರು ವಾದ ಬಲವಾಗಿಯೇ ಇದೆ. ತಪ್ಪನ್ನು ಮುಚ್ಚುವ ಸಾಧನ ಕಲಿಕೆಯನ್ನು ಕೆಡಿಸುವುದಿಲ್ಲವೇ? ಅರ್ಧ ಇಂಚು ತಪ್ಪಿದರೂ ಚೆಂಡು ಗ್ರೀನಿಗೆ ಹೋದರೆ, ತಪ್ಪಿತೆಂದು ತಿಳಿಯುವುದು ಹೇಗೆ? ಈ ಕಡೆಗೆ ನಿಲ್ಲಿಸಬಹುದಾದ ಅತಿ ದೊಡ್ಡ ಸಾಕ್ಷಿ ಗಾಲ್ಫಿನದಲ್ಲ, ಕ್ರಿಕೆಟ್ಟಿನದು. ಆಸ್ಟ್ರೇಲಿಯಾದ ಬೌರಲ್ ಊರಿನ ಹಿತ್ತಲಲ್ಲಿ ಹುಡುಗ ಡಾನ್ ಬ್ರಾಡ್ಮನ್ ನೀರಿನ ಟ್ಯಾಂಕಿನ ಕಟ್ಟೆಗೆ ಗಾಲ್ಫ್ ಚೆಂಡನ್ನೇ ಎಸೆದು, ಪುಟಿದು ಬಂದದ್ದನ್ನು ಬರಿಯ ಸ್ಟಂಪಿನಿಂದ ಹೊಡೆಯುತ್ತಿದ್ದ. ಸ್ಟಂಪಿಗಿಂತ ನಿರ್ದಯವಾದ ಬ್ಯಾಟ್ ಉಂಟೇ? ಆ ಹುಡುಗ ಮುಂದೆ 99.94ರ ಸರಾಸರಿಗೆ ಹೋದ. ಬ್ಲೇಡ್ ಪಕ್ಷದವರು ಹೇಳುವುದು ಇದನ್ನೇ: ಕಷ್ಟದ ಸಾಧನ ಕಣ್ಣನ್ನೂ ಕೈಯನ್ನೂ ತಿದ್ದುತ್ತದೆ.

ಈ ಮಾತನ್ನು ನಾನು ಬಹಳ ಕಾಲ ನಂಬಿದ್ದೆ. ನಂಬಿದ್ದಕ್ಕೆ ಮೂರು ವರ್ಷ ಬ್ಲೇಡ್ ಹಿಡಿದು ಆಡಿದೆ. ಆ ಮೂರು ವರ್ಷದಲ್ಲಿ ನಾನು ಕಲಿತದ್ದು ಭಯ. ಐದನೆಯ ಐರನ್ ಕೈಗೆ ತೆಗೆದುಕೊಂಡರೆ ಭುಜ ಬಿಗಿಯುತ್ತಿತ್ತು. ಬೀಸುವ ಬದಲು ಚೆಂಡನ್ನು ದಾರಿಗೆ ನೂಕಲು ಹೋಗುತ್ತಿದ್ದೆ. ಶಿಕ್ಷೆ ಸಿಗುತ್ತಿತ್ತು, ಪಾಠ ಸಿಗುತ್ತಿರಲಿಲ್ಲ. ಯಾಕೆಂದು ಅರ್ಥವಾಗಲು ಸಮಯ ಹಿಡಿಯಿತು. ಮೈದಾನದಲ್ಲಿ ಒಂದು ಹೊಡೆತ ಗಿಡ್ಡವಾಗಲು ಹತ್ತು ಕಾರಣಗಳಿರುತ್ತವೆ: ಎದುರುಗಾಳಿ, ಚೆಂಡು ಕೂತ ಹುಲ್ಲು, ಏರು, ದೂರದ ತಪ್ಪು ಅಂದಾಜು. ಅದರಲ್ಲಿ ಟೋಗೆ ತಾಗಿದ್ದು ಎಷ್ಟು ಪಾಲು ಎಂದು ವಾರಕ್ಕೊಮ್ಮೆ ಆಡುವವನಿಗೆ ಬಿಡಿಸಿ ಹೇಳುವವರಿಲ್ಲ. ಬ್ರಾಡ್ಮನ್ ಹಿತ್ತಲಲ್ಲಿ ಗಂಟೆಗೆ ನೂರಾರು ಸಲ ಹೊಡೆದ, ಪ್ರತಿ ಸಲವೂ ಕ್ಷಣದಲ್ಲಿ ಉತ್ತರ ಸಿಕ್ಕಿತು. ಮುಖ್ಯವಾಗಿ, ಅವನು ಸ್ಟಂಪಿನಿಂದ ಅಭ್ಯಾಸ ಮಾಡಿದ. ಪಂದ್ಯಕ್ಕೆ ಇಳಿದಾಗ ಬ್ಯಾಟನ್ನೇ ಹಿಡಿದ.

ಇನ್ನೊಂದು ಮಾತಿದೆ, ಇದನ್ನು ಜನ ಗಮನಿಸುವುದು ಕಡಿಮೆ. ಫರ್ಗಿವಿಂಗ್ ಕ್ಲಬ್ ಎಲ್ಲ ತಪ್ಪನ್ನೂ ಕ್ಷಮಿಸುವುದಿಲ್ಲ. ಮುಖ ತೆರೆದು ಹೊಡೆದರೆ ಚೆಂಡು ಅದರಲ್ಲೂ ಬಲಕ್ಕೆ ಬಾಗಿ ಮರಗಳ ನಡುವೆ ಹೋಗುತ್ತದೆ. ಚೆಂಡಿಗಿಂತ ಒಂದು ಗೇಣು ಹಿಂದೆ ನೆಲ ಕೆತ್ತಿದರೆ ಅಗಲ ತಳ ಕೊಂಚ ಜಾರೀತು, ಅಷ್ಟೆ. ಅದು ಮುಚ್ಚುವುದು ಮಧ್ಯ ಬಿಟ್ಟು ಪಕ್ಕಕ್ಕೆ ತಾಗಿದ್ದರ ನಷ್ಟವನ್ನು, ಅದರಲ್ಲೂ ಒಂದು ಪಾಲನ್ನು. ಹದಿನೆಂಟರ ಹ್ಯಾಂಡಿಕ್ಯಾಪಿನವನ ಸ್ಕೋರ್‌ಕಾರ್ಡ್ ಕೆಡಿಸುವ ದೊಡ್ಡ ತಪ್ಪುಗಳೆಲ್ಲ ಹಾಗೆಯೇ ಬಯಲಲ್ಲಿ ನಿಂತಿರುತ್ತವೆ, ತಿದ್ದಿಸಿಕೊಳ್ಳಲು ಕಾಯುತ್ತಿರುತ್ತವೆ. ಕ್ಲಬ್ ಸೋಮಾರಿಯನ್ನಾಗಿ ಮಾಡುತ್ತದೆ ಎಂಬ ಹೆದರಿಕೆಗೆ ಇಲ್ಲಿ ಬುಡವಿಲ್ಲ.

ಹಾಗೆಂದು ಫರ್ಗಿವಿಂಗ್ ಕ್ಲಬ್ ಮಾರುವವರು ಹೇಳುವುದನ್ನೆಲ್ಲ ನಂಬಬೇಕಾಗಿಲ್ಲ. 'ಹಳೆಯ ಕ್ಲಬ್ಬಿಗಿಂತ ಹದಿನೈದು ಗಜ ಉದ್ದ ಹೋಗುತ್ತದೆ' ಎಂದರೆ ಲಾಫ್ಟ್, ಅಂದರೆ ಮುಖದ ಓರೆ, ಎಷ್ಟೆಂದು ಕೇಳಿ. ಒಂದು ಕಾಲಕ್ಕೆ ಏಳನೆಯ ಐರನ್ನಿನ ಲಾಫ್ಟ್ 35 ಡಿಗ್ರಿಯ ಆಸುಪಾಸು. ಇವತ್ತಿನ ಹಲವು ಫರ್ಗಿವಿಂಗ್ ಸೆಟ್‌ಗಳಲ್ಲಿ ಅದು 28ರಿಂದ 30. ಅಂದರೆ ಹಳೆಯ ಐದನೆಯ ಐರನ್ನಿನ ಮೇಲೆ ಏಳೆಂದು ಬರೆದಂತೆ. ತೂಕ ಕೆಳಗಿರುವುದರಿಂದ ಚೆಂಡು ಮೇಲೇಳುತ್ತದೆ ನಿಜ, ಆದರೆ ನಿಧಾನಕ್ಕೆ ಬೀಸುವವರಿಗೆ ಸ್ಪಿನ್ ಸಾಲದೆ ಗ್ರೀನ್ ಮೇಲೆ ನಿಲ್ಲದೆ ಓಡಿಬಿಡುತ್ತದೆ. ಪಿಚಿಂಗ್ ವೆಜ್ 43 ಡಿಗ್ರಿಗೆ ಬಂದರೆ ಅದರ ಕೆಳಗೆ ದೊಡ್ಡ ಕಂದಕ, ಅದನ್ನು ತುಂಬಲು ಇನ್ನೊಂದು ವೆಜ್ ಕೊಳ್ಳಬೇಕು. ಅಗಲ ತಳವೂ ಎಲ್ಲ ಕಡೆ ವರವಲ್ಲ. ಮಳೆ ನಿಂತ ಮೇಲಿನ ಮೆತ್ತಗಿನ ಫೇರ್‌ವೇಯಲ್ಲಿ ಅದು ಕಾಪಾಡುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ನೆಲ ಒಣಗಿ ಹಂಚಿನಂತಾದಾಗ ದಪ್ಪ ತಳ ಪುಟಿದು ಚೆಂಡಿನ ಹೊಟ್ಟೆಗೆ ತಾಗುತ್ತದೆ, ಚೆಂಡು ನೆಲ ಉಜ್ಜಿಕೊಂಡು ಗ್ರೀನ್ ದಾಟಿ ಓಡುತ್ತದೆ. ಈ ವಿಷಯದಲ್ಲಿ ಬ್ಲೇಡ್ ಪಕ್ಷದವರ ದೂರು ನ್ಯಾಯವಾದದ್ದು. ಮಧ್ಯಮ ತಳದ, ಲಾಫ್ಟ್ ತೀರಾ ಬಿಗಿಯಾಗದ ಕ್ಯಾವಿಟಿ ಬ್ಯಾಕ್ ನಮ್ಮ ನೆಲಕ್ಕೆ ಹೊಂದುತ್ತದೆ. ಅದು ಎರಕದ್ದೋ ಬಡಿದದ್ದೋ ಎಂಬುದು ಆಮೇಲಿನ ಮಾತು.

ಅರ್ಹತೆಯ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಬೆಂಗಳೂರಿನದೇ. ಇಲ್ಲಿಯ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, ಒಂದೇ ಒಂದು ಸ್ಟ್ರೋಕಿನಲ್ಲಿ ಪದಕ ತಪ್ಪಿತು. ದೂರ ಹೊಡೆಯುವ ಆಟ ಅವರದಲ್ಲ. ಜೊತೆಯವರು ಸಣ್ಣ ಐರನ್ ಹಿಡಿಯುವ ಕಡೆ ಉದ್ದದ ಕ್ಲಬ್ ಹಿಡಿಯಬೇಕಾದ ಪ್ರಸಂಗಗಳು ಅವರಿಗೆ ಹೆಚ್ಚು. ಆ ನಾಲ್ಕು ದಿನ ದೇಶವೆಲ್ಲ ಕಣ್ಣಿಟ್ಟು ನೋಡಿದ್ದು ಅವರ ಸ್ಕೋರನ್ನು. ಯಾವ ಚೆಂಡಿಗೆ ಯಾವ ಕ್ಲಬ್ ತಾಗಿತೆಂದು ಕಾರ್ಡಿನಲ್ಲಿ ಬರೆಯುವ ಜಾಗವೇ ಇಲ್ಲ. ವೃತ್ತಿಪರರಲ್ಲೂ ಎಷ್ಟೋ ಮಂದಿ ಉದ್ದದ ಐರನ್‌ಗಳಿಗೆ ಕ್ಯಾವಿಟಿ ಬ್ಯಾಕ್, ಗಿಡ್ಡದವಕ್ಕೆ ಬ್ಲೇಡ್ ಎಂದು ಬೆರೆಸಿ ಚೀಲ ತುಂಬುತ್ತಾರೆ. ಸಹಾಯ ಪಡೆಯಲು ಅವರಿಗೆ ಸಂಕೋಚವಿಲ್ಲ.

ಹುಡುಗನಿಗೆ ನಾನು ಉಪದೇಶ ಮಾಡಲಿಲ್ಲ. ಅವನ ಏಳನೆಯ ಐರನ್ ತರಿಸಿ ಮುಖ ನೋಡಿದೆ. ಈ ಪರೀಕ್ಷೆ ನನಗೆ ಕಲಿಸಿದ್ದು ಒಬ್ಬ ಹಳೆಯ ಕ್ಯಾಡಿ. ದಿನಾ ಕ್ಲಬ್ ಒರೆಸುವವರಿಗೆ ಒಡೆಯನ ಆಟ ಅಂಗೈ ರೇಖೆಯಷ್ಟು ಸ್ಪಷ್ಟ. ಚೆಂಡು ಪದೇಪದೇ ತಾಗಿದ ಕಡೆ ಮುಖ ಸವೆದು ಮಂಕಾಗಿರುತ್ತದೆ. ಆ ಕಲೆ ಒಂದು ರೂಪಾಯಿ ನಾಣ್ಯದಷ್ಟಕ್ಕೆ ಕೂಡಿಕೊಂಡಿದ್ದರೆ ಬ್ಲೇಡ್ ಹಿಡಿದರೂ ನಷ್ಟವಿಲ್ಲ, ಆಸೆಯಿದ್ದರೆ ಹಿಡಿಯಲಿ. ಅವನದು ಟೋ ಕಡೆಗೆ ದೋಸೆ ಹಿಟ್ಟಿನಂತೆ ಹರಡಿತ್ತು.

"ಇದನ್ನೇ ಇಟ್ಕೋ" ಅಂದೆ. "ಲೈ ಮಾತ್ರ ಒಮ್ಮೆ ನೋಡಿಸು. ಬ್ಲೇಡ್ ಬೇಕು ಅನ್ನಿಸಿದರೆ ಹಳೇದು ಒಂದೇ ಒಂದು ಏಳನೇ ಐರನ್ ಹುಡುಕು."

ಯಾರೋ ಅಟ್ಟದ ಮೇಲಿಟ್ಟಿದ್ದ ಬ್ಲೇಡ್ ಸಿಕ್ಕಿತು, ಅಂಚಿನಲ್ಲಿ ಕ್ರೋಮ್ ಎದ್ದಿತ್ತು. ಈಗ ರೇಂಜಿನಲ್ಲಿ ಮೊದಲ ಮೂವತ್ತು ಚೆಂಡು ಅದರಲ್ಲೇ, ಅರ್ಧ ವೇಗದಲ್ಲಿ ಹೊಡೆಯುತ್ತಾನೆ. ಮುಖಕ್ಕೆ ಸ್ವಲ್ಪ ಪೌಡರ್ ಬಳಿದು, ಒಂದೊಂದು ಹೊಡೆತಕ್ಕೂ ಗುರುತು ಎಲ್ಲಿ ಬಿತ್ತೆಂದು ಬಾಗಿ ನೋಡುತ್ತಾನೆ. ಭಾನುವಾರ ಆಟಕ್ಕೆ ಹೋಗುವಾಗ ಅದನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟು ಬರುತ್ತಾನೆ.