ನಡುಮನೆಗೆ ಬಂದ ಗಿರಣಿ

ಹಿಟ್ಟಿನ ಗಿರಣಿಗೆ ರಾಗಿ ಹೊತ್ತುಕೊಂಡು ಹೋದ ನೆನಪು ನಮ್ಮಲ್ಲಿ ಬಹಳ ಮಂದಿಗೆ ಇದ್ದೇ ಇರುತ್ತದೆ. ಒಂದು ಮೂಲೆಯಲ್ಲಿ ಮೋಟಾರು, ಇನ್ನೊಂದು ಕಡೆ ಬೀಸುವ ಕಲ್ಲು, ನಡುವೆ ಪಟಪಟನೆ ಬಡಿದುಕೊಳ್ಳುತ್ತ ಓಡುವ ಅಗಲವಾದ ಬೆಲ್ಟು. ಮಕ್ಕಳು ಆ ಕಡೆ ಒಂದು ಹೆಜ್ಜೆ ಇಟ್ಟರೂ ಗಿರಣಿಯವರು ಗದರಿಸಿ ಆಚೆಗೆ ಅಟ್ಟುತ್ತಿದ್ದರು. ಹೆಂಗಸರಿಗೆ ‘ಸೆರಗು ಜೋಪಾನ ಕಣಮ್ಮಾ’ ಎಂಬ ಎಚ್ಚರಿಕೆ. ಓಡುವ ಬೆಲ್ಟಿಗೆ ಕಣ್ಣಿಲ್ಲ ಎಂಬುದನ್ನು ಯಾರಿಗೂ ಪಾಠ ಮಾಡಿ ಹೇಳಬೇಕಾಗಿರಲಿಲ್ಲ.

ಅಂಥದೇ ಬೆಲ್ಟು, ಅಂಥದೇ ಮೋಟಾರು ಈಗ ಚೆಂದದ ಹೊದಿಕೆ ಹೊದ್ದು ಮನೆಯ ಹಾಲಿಗೇ ಬಂದು ಕುಳಿತಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಉದ್ಯಾನಗಳೂ ಜಿಮ್‌ಗಳೂ ಬಾಗಿಲು ಹಾಕಿದಾಗ ಅನೇಕ ಮನೆಗಳಿಗೆ ಹೀಗೆ ಟ್ರೆಡ್‌ಮಿಲ್ ಬಂತು. ಕೆಲವು ಕಡೆ ಅದರ ಮೇಲೆ ದಿನವೂ ನಡಿಗೆ ನಡೆದಿದೆ, ಇನ್ನು ಕೆಲವು ಕಡೆ ಟವೆಲು ಒಣಗುತ್ತಿದೆ. ಟವೆಲು ಒಣಗಿದರೆ ತೊಂದರೆಯೇನಿಲ್ಲ. ಗಿರಣಿಯ ಮುಂದೆ ನಮಗಿದ್ದ ಆ ಭಯ-ಭಕ್ತಿ ಮಾತ್ರ ಈ ಮನೆಯ ಗಿರಣಿಯ ಮುಂದೆ ಕಾಣುವುದಿಲ್ಲ. ಇವತ್ತಿನ ಮಾತು ಅದರ ಬಗ್ಗೆ.

ಹೆಸರಿನಲ್ಲೇ ‘ಮಿಲ್’ ಇರುವುದು ಆಕಸ್ಮಿಕವಲ್ಲ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ 1818ರಲ್ಲಿ ಸೆರೆಮನೆಗಳಿಗಾಗಿ ಒಂದು ದೊಡ್ಡ ಚಕ್ರ ಮಾಡಿದ. ಮೆಟ್ಟಿಲು ಹತ್ತುವಂತೆ ಕೈದಿಗಳು ಅದನ್ನು ತುಳಿಯುತ್ತಲೇ ಇರಬೇಕು. ಕೆಲವು ಕಡೆ ಆ ಶಕ್ತಿಯಿಂದ ಧಾನ್ಯ ಬೀಸುತ್ತಿದ್ದರು. ಬ್ರಿಟನ್ನಿನಲ್ಲಿ ಈ ಶಿಕ್ಷೆ ನಿಂತದ್ದು 1898ರ ಕಾನೂನಿನಿಂದ. ಇಂದು ನಾವು ಹಣ ಕೊಟ್ಟು ತರಿಸಿಕೊಳ್ಳುತ್ತಿದ್ದೇವೆ! ನಮ್ಮ ಜನರಲ್ಲಿ ಅನೇಕರು ಈ ಯಂತ್ರವನ್ನು ಮೊದಲು ನೋಡಿದ್ದು ಆಸ್ಪತ್ರೆಯ ‘ಟಿಎಂಟಿ’ ಕೋಣೆಯಲ್ಲಿ. ಅಮೆರಿಕದ ಹೃದಯತಜ್ಞ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ: ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತ ಹೃದಯದ ಬಡಿತವನ್ನು ಗಮನಿಸುವುದು. ಅಲ್ಲಿ ಪಕ್ಕದಲ್ಲೇ ಸಿಬ್ಬಂದಿ ನಿಂತಿರುತ್ತಾರೆ, ಯಂತ್ರ ನಿಲ್ಲಿಸಲು ಕೈ ಸಿದ್ಧವಾಗಿರುತ್ತದೆ. ಮನೆಯಲ್ಲಿ ಆ ಕೆಲಸವನ್ನು ನಾವೇ ನೋಡಿಕೊಳ್ಳಬೇಕು.

ಮೊದಲು ಜೋಡಣೆ. ಪೆಟ್ಟಿಗೆಯ ತೂಕ 50 ಕಿಲೋ ಮೀರುವುದು ಸಾಮಾನ್ಯ. ಒಬ್ಬರೇ ಎತ್ತುವ ಸಾಹಸ ಬೇಡ; ಯಂತ್ರವನ್ನು ಎಲ್ಲಿ ಇಡಬೇಕೋ ಅಲ್ಲಿಗೇ ಪೆಟ್ಟಿಗೆಯನ್ನು ಇಬ್ಬರು ಸೇರಿ ಸಾಗಿಸಿ ಅಲ್ಲಿಯೇ ಬಿಚ್ಚಿರಿ. ಮಡಚುವ ಮಾದರಿಯಾಗಿದ್ದರೆ ನಡೆಯುವ ಹಲಗೆಗೆ ಒಂದು ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಬಿಗಿದಿರುವುದುಂಟು. ಕತ್ತರಿ ಕೈಯಲ್ಲಿದ್ದಾಗ ಎಲ್ಲವನ್ನೂ ಕತ್ತರಿಸುವ ಹುರುಪು ಬರುತ್ತದೆ, ಆದರೆ ಇದನ್ನು ಮುಟ್ಟಬೇಡಿ. ಹಲಗೆಯ ಕೆಳಗೆ ಅದನ್ನು ಮೇಲೆತ್ತಲು ನೆರವಾಗುವ ಸ್ಪ್ರಿಂಗ್ ಅಥವಾ ಅನಿಲ ತುಂಬಿದ ಕೊಳವೆ ಒತ್ತಿಕೊಂಡು ಕುಳಿತಿರುತ್ತದೆ. ಪಟ್ಟಿ ಕತ್ತರಿಸಿದ ಕ್ಷಣ ಹಲಗೆ ಚಿಮ್ಮಿ ಬಗ್ಗಿದವರ ಮುಖಕ್ಕೆ ಬಡಿಯಬಹುದು. ಯಾವ ಹಂತದಲ್ಲಿ ಕತ್ತರಿಸಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಅಲ್ಲಿಯವರೆಗೆ ಕಾಯಬೇಕು.

ಕೈಪಿಡಿ ಓದುವ ಕೆಲಸವನ್ನು ಮನೆಯ ಹೈಸ್ಕೂಲು ಹುಡುಗ ಅಥವಾ ಹುಡುಗಿಗೆ ಒಪ್ಪಿಸಿ. ಗಟ್ಟಿಯಾಗಿ ಓದಲಿ, ಬೋಲ್ಟುಗಳನ್ನು ಎಣಿಸಿ ಬೇರೆ ಬೇರೆ ಬಟ್ಟಲಲ್ಲಿ ಇಡಲಿ, ದೊಡ್ಡವರು ತಿರುಗಿಸಲಿ. ಎಡ-ಬಲ ಕಂಬಗಳಿಗೆ ಬೇರೆ ಬೇರೆ ಗುರುತು ಇರುತ್ತದೆ. ಒಂದು ಕಂಬದೊಳಗಿಂದ ಮೇಲಿನ ಗುಂಡಿಗಳ ಫಲಕಕ್ಕೆ ವೈರು ಹೋಗುತ್ತದೆ. ಕಂಬ ಕೂರಿಸುವಾಗ ಅದು ಲೋಹದ ಅಂಚಿಗೆ ಸಿಕ್ಕಿ ಜಜ್ಜಿಹೋದರೆ ಯಂತ್ರ ಒಮ್ಮೆ ನಡೆದು ಒಮ್ಮೆ ನಿಲ್ಲುವ ರೋಗ ಹಿಡಿಸಿಕೊಳ್ಳುತ್ತದೆ. ಬೋಲ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕುಳಿತ ಮೇಲಷ್ಟೇ ಕೀಲಿ ಹಾಕಿ ಬಿಗಿಯಬೇಕು. ಒಂದನ್ನು ಮೊದಲೇ ಪೂರ್ತಿ ಬಿಗಿದರೆ ಉಳಿದ ತೂತುಗಳು ಓರೆಯಾಗುತ್ತವೆ. ಬಲವಂತವಾಗಿ ತಿರುಗಿಸಿದರೆ ಮರೆ ಸವೆದು ಆ ಬೋಲ್ಟು ಮತ್ತೆಂದೂ ಹಿಡಿಯುವುದಿಲ್ಲ. ಕಡೆಯಲ್ಲಿ ‘ಎರಡು ಬೋಲ್ಟು ಉಳಿದವು, ಹೆಚ್ಚಿಗೆ ಕೊಟ್ಟಿರಬೇಕು ಬಿಡಿ’ ಎನ್ನುವವರಿದ್ದಾರೆ. ಆ ಪಟ್ಟಿಯನ್ನು ಮಗಳ ಕೈಗೆ ಕೊಟ್ಟು ಮತ್ತೊಮ್ಮೆ ಎಣಿಸಲು ಹೇಳಿ. ಯಂತ್ರದ ನಡುಕಕ್ಕೆ ಬೋಲ್ಟುಗಳು ಸಡಿಲವಾಗುವುದರಿಂದ ಎರಡು ವಾರ ಬಿಟ್ಟು ಇನ್ನೊಮ್ಮೆ ಬಿಗಿಯುವುದು ಒಳ್ಳೆಯದು. ಕಂಪನಿಯವರೇ ಬಂದು ಜೋಡಿಸಿಕೊಡುವುದಾದರೆ ಚಹಾ ಕೊಟ್ಟು ಒಳಗೆ ಹೋಗಬೇಡಿ, ಪಕ್ಕದಲ್ಲೇ ನಿಂತು ನೋಡಿ.

ಇನ್ನು ಜಾಗ. ನಮ್ಮ ಮನೆಗಳಲ್ಲಿ ಟೀವಿ ಕಾಣಬೇಕೆಂದು ಯಂತ್ರದ ಮುಖವನ್ನು ಹಾಲಿನ ಕಡೆಗೆ ತಿರುಗಿಸಿ, ಹಿಂಭಾಗವನ್ನು ಗೋಡೆಗೆ ಒತ್ತಿ ಇಡುವುದು ರೂಢಿ. ಇದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಬಿದ್ದವರನ್ನು ಬೆಲ್ಟು ಹಿಂದಕ್ಕೆ ಎಸೆಯುತ್ತದೆ. ಹಿಂದೆ ಬಯಲಿದ್ದರೆ ನೆಲಕ್ಕೆ ಬಿದ್ದು ಮೊಣಕಾಲು ತರಚೀತು. ಗೋಡೆಯಿದ್ದರೆ ದೇಹ ಗೋಡೆಗೂ ಓಡುವ ಬೆಲ್ಟಿಗೂ ನಡುವೆ ಸಿಕ್ಕಿ, ಬೆಲ್ಟು ಚರ್ಮವನ್ನು ಉಜ್ಜುತ್ತಲೇ ಇರುತ್ತದೆ. ಹಿಂದೆ ಎರಡು ಮೀಟರ್, ಎರಡೂ ಪಕ್ಕದಲ್ಲಿ ಅರ್ಧ ಮೀಟರ್ ಖಾಲಿ ಬಿಡಬೇಕೆಂದು ಅನೇಕ ತಯಾರಕರು ಹೇಳುತ್ತಾರೆ. ಅಷ್ಟು ಜಾಗ ಇಲ್ಲದ ಮನೆಗೆ ಟ್ರೆಡ್‌ಮಿಲ್ ಬೇಡವೆಂದೇ ನನ್ನ ಸಲಹೆ. ಮಳೆಯ ಇರಚಲು ಬೀಳುವ ಬಾಲ್ಕನಿ, ಶೀಟು ಹೊದಿಸಿದ ಮಹಡಿ ಕೂಡ ತಕ್ಕ ಜಾಗವಲ್ಲ.

ವಿದ್ಯುತ್ತಿನ ಲೆಕ್ಕ ವಿದ್ಯಾರ್ಥಿಗಳೇ ಮಾಡಬಹುದು. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಎರಡು ಅಶ್ವಶಕ್ತಿಯ ಮೋಟಾರು ಪೂರ್ತಿ ದುಡಿದಾಗ 1492 ವ್ಯಾಟ್. ಅದನ್ನು 230 ವೋಲ್ಟಿನಿಂದ ಭಾಗಿಸಿ: ಸುಮಾರು ಆರೂವರೆ ಆಂಪಿಯರ್. ಮೋಟಾರಿನಲ್ಲಿ ಪೋಲಾಗುವ ಶಕ್ತಿಯನ್ನು ಸೇರಿಸಿದರೆ ಇನ್ನೂ ಹೆಚ್ಚು. ಮೊಬೈಲು ಚಾರ್ಜು ಮಾಡುವ 6 ಆಂಪಿಯರ್ ಸಾಕೆಟ್ಟು ಇದನ್ನು ಹೊರಲಾರದು. 16 ಆಂಪಿಯರಿನ ದಪ್ಪ ಸಾಕೆಟ್ಟು, ಸರಿಯಾದ ಅರ್ಥಿಂಗ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸು ಬೇಡ. ಪ್ಲಗ್ಗಿನ ದಪ್ಪ ಕಡ್ಡಿ ಹಿಡಿಸುವುದಿಲ್ಲವೆಂದು ಅದನ್ನು ಕತ್ತರಿಸುವ ಮಹನೀಯರಿಗೆ ಏನು ಹೇಳುವುದೋ ತಿಳಿಯದು. ಮನೆಯ ಇನ್ವರ್ಟರಿಗೂ ಇದನ್ನು ಜೋಡಿಸಬೇಡಿ. ನಡೆಯುತ್ತಿರುವಾಗ ಕರೆಂಟು ಹೋದರೆ ಬೆಲ್ಟು ಥಟ್ಟನೆ ನಿಲ್ಲುತ್ತದೆ, ದೇಹ ಮುಂದಕ್ಕೆ ಮುಗ್ಗರಿಸುತ್ತದೆ. ಕಂಬಿ ಹಿಡಿದು ಇಳಿಯಿರಿ, ಸ್ವಿಚ್ಚು ಆರಿಸಿ. ಕರೆಂಟು ಬರುತ್ತದೆಂದು ಬೆಲ್ಟಿನ ಮೇಲೆ ನಿಂತು ಕಾಯುವುದು ಬೇಡ.

ಇನ್ನೂ ಒಂದು ಲೆಕ್ಕವಿದೆ. ಗಂಟೆಗೆ 8 ಕಿಲೋಮೀಟರ್ ವೇಗವೆಂದರೆ ನಿಧಾನದ ಓಟ. 8000 ಮೀಟರನ್ನು 3600 ಸೆಕೆಂಡಿನಿಂದ ಭಾಗಿಸಿ: ಸೆಕೆಂಡಿಗೆ 2.2 ಮೀಟರ್. ನಾವು ಕಾಲಿಡುವ ಬೆಲ್ಟಿನ ಉದ್ದ ಒಂದೂಕಾಲು ಮೀಟರಿನಷ್ಟು ಎಂದಿಟ್ಟುಕೊಳ್ಳಿ. ನಡುಮಧ್ಯದಲ್ಲಿ ಓಡುತ್ತಿರುವ ಹುಡುಗ ಗೆಳೆಯ ಕರೆದನೆಂದು ಹೆಜ್ಜೆ ನಿಲ್ಲಿಸಿದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಹಿಂದಿನ ಅಂಚು ತಲುಪಿರುತ್ತಾನೆ. ರೆಪ್ಪೆ ಒಮ್ಮೆ ಮುಚ್ಚಿ ತೆರೆಯುವಷ್ಟು ಸಮಯ. ‘ಬಿದ್ದರೆ ಹಿಡಿದುಕೊಳ್ಳುತ್ತೇನೆ’ ಎಂಬ ಧೈರ್ಯಕ್ಕೆ ಇಲ್ಲಿ ಜಾಗವೇ ಇಲ್ಲ.

ಅದಕ್ಕೆಂದೇ ಯಂತ್ರದ ಮುಂಭಾಗದಲ್ಲಿ ದಾರ ಕಟ್ಟಿದ ಒಂದು ಸಣ್ಣ ಕೀಲಿ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಬಹಳ ಯಂತ್ರಗಳಲ್ಲಿ ಅದರೊಳಗೆ ಒಂದು ಅಯಸ್ಕಾಂತ ಇರುತ್ತದೆ. ದಾರದ ಇನ್ನೊಂದು ತುದಿಯ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡರೆ, ನಾವು ಹಿಂದಕ್ಕೆ ಜಾರಿದಾಗ ಕೀಲಿ ಕಿತ್ತುಬಂದು ಮೋಟಾರಿಗೆ ವಿದ್ಯುತ್ತು ನಿಲ್ಲುತ್ತದೆ. ಇಡೀ ಯಂತ್ರದಲ್ಲಿ ಇದಕ್ಕಿಂತ ಬೆಲೆಬಾಳುವ ಭಾಗವಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಕ್ಲಿಪ್ಪನ್ನು ಕಂಬಿಗೇ ಸಿಕ್ಕಿಸಿಬಿಡುತ್ತಾರೆ! ಕಂಬಿ ಎಂದಾದರೂ ಬಿದ್ದೀತೆ? ಮೊದಲ ದಿನವೇ ಒಂದು ಪರೀಕ್ಷೆ ಮಾಡಿ. ಖಾಲಿ ಬೆಲ್ಟನ್ನು ನಿಧಾನವಾಗಿ ಓಡಿಸಿ, ಪಕ್ಕದಲ್ಲಿ ನಿಂತು ದಾರ ಎಳೆಯಿರಿ. ಬೆಲ್ಟು ನಿಲ್ಲದಿದ್ದರೆ ಆ ಯಂತ್ರವನ್ನು ಬಳಸಬೇಡಿ, ಮಾರಿದವರನ್ನು ಕರೆಸಿ.

ಹತ್ತುವ ಕ್ರಮವೂ ಇಷ್ಟೇ ಸರಳ. ಬೂಟು ಹಾಕಿ. ಎರಡೂ ಕಾಲನ್ನು ಬೆಲ್ಟಿನ ಮೇಲಲ್ಲ, ಅದರ ಅಕ್ಕಪಕ್ಕದ ಅಂಚುಗಳ ಮೇಲಿಡಿ. ಕ್ಲಿಪ್ಪು ಸಿಕ್ಕಿಸಿ, ಗುಂಡಿ ಒತ್ತಿ, ಬೆಲ್ಟು ಆಮೆಗತಿಯಲ್ಲಿ ಹೊರಟ ಮೇಲೆ ಕಂಬಿ ಹಿಡಿದು ಹೆಜ್ಜೆಯಿಡಿ. ಐದು ನಿಮಿಷ ಮೆಲ್ಲಗೆ, ಆಮೇಲೆ ವೇಗ, ಕೊನೆಗೆ ಮತ್ತೆ ಮೆಲ್ಲಗೆ. ಬೆಲ್ಟು ಪೂರ್ತಿ ನಿಂತ ಮೇಲೆ ಇಳಿಯುವುದು. ಸೀರೆಯ ಸೆರಗು, ದುಪಟ್ಟಾ, ಪಂಚೆಯ ಅಂಚು ಇಲ್ಲಿ ಗಿರಣಿಯಲ್ಲಿ ಇದ್ದಷ್ಟೇ ಅಪಾಯಕಾರಿ. ಹೃದಯದ ತೊಂದರೆಯೋ ತಲೆಸುತ್ತೋ ಇರುವ ಅಜ್ಜ-ಅಜ್ಜಿಯರು ವೈದ್ಯರನ್ನು ಕೇಳದೆ ಹತ್ತಬಾರದು.

ಪಿಯುಸಿ ಮಕ್ಕಳ ತಂದೆತಾಯಂದಿರಿಗೆ ಒಂದು ಹೊಸ ಉಪಾಯ ಹೊಳೆದಿರುವಂತಿದೆ: ನಡೆಯುತ್ತಲೇ ನೋಟ್ಸು ಓದಲಿ, ಎರಡೂ ಕೆಲಸ ಆಯಿತಲ್ಲ ಎಂದು. ಕಣ್ಣು ಅಕ್ಷರದ ಮೇಲಿದ್ದಾಗ ಪಾದ ಬೆಲ್ಟಿನ ಅಂಚಿಗೆ ಸರಿದದ್ದು ತಿಳಿಯುವುದಿಲ್ಲ. ಮೊಬೈಲು ನೋಡುತ್ತ ನಡೆಯುವುದೂ ಹಾಗೆಯೇ. ಪಾಠವನ್ನು ಕಿವಿಯಲ್ಲಿ ಕೇಳಲಿ ಎಂದರೂ, ಮನೆಯವರು ಕರೆದದ್ದು ಕೇಳಿಸುವಷ್ಟು ಮಾತ್ರ ಸದ್ದು ಇರಲಿ. ಅಂದಹಾಗೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದು ಟ್ರೆಡ್‌ಮಿಲ್ ಮೇಲೇ ಆಗಬೇಕೆಂದು ಹೇಳಿಲ್ಲ. ಬೀದಿಯ ಕೊನೆಯಲ್ಲಿ ಮೈದಾನವಿರುವ ಮಗುವನ್ನು ಈ ಯಂತ್ರದ ಮೇಲೆ ನಿಲ್ಲಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಬೆಲ್ಟಿನ ಮೇಲೆ ನಡೆಯುವವರಿಗಲ್ಲ, ಅವರ ಬೆನ್ನ ಹಿಂದೆ ತೆವಳಿಕೊಂಡೋ ಓಡಿಕೊಂಡೋ ಬರುವ ಪುಟ್ಟ ಮಕ್ಕಳಿಗೆ. ಅಪ್ಪನ ಮುಖ ಮುಂದಕ್ಕೆ, ಯಂತ್ರದ ಸದ್ದು ಕಿವಿ ತುಂಬ. ಹಿಂದಿನ ತುದಿಯಲ್ಲಿ ಬೆಲ್ಟು ರೋಲರಿನ ಸುತ್ತ ಕೆಳಕ್ಕೆ ತಿರುಗುತ್ತದೆ. ಅಲ್ಲಿಗೆ ಮಗು ಕೈಯಿಟ್ಟರೆ ಬೆರಳನ್ನು ಎಳೆದುಕೊಳ್ಳುತ್ತದೆ. ಘರ್ಷಣೆಯಿಂದ ಚರ್ಮ ಬೆಂಕಿಯಲ್ಲಿ ಸುಟ್ಟಂತೆಯೇ ಸುಡುತ್ತದೆ. ಆಳವಾಗಿ ಸುಟ್ಟರೆ ಬೇರೆಡೆಯ ಚರ್ಮ ತೆಗೆದು ಕಸಿ ಮಾಡಬೇಕಾಗುತ್ತದೆ, ಗಾಯ ಮಾದ ಮೇಲೂ ಬೆರಳು ಸೆಟೆದುಕೊಳ್ಳಬಹುದು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಅಮೆರಿಕದ ಪೆಲೋಟನ್ ಕಂಪನಿಯ ‘ಟ್ರೆಡ್ ಪ್ಲಸ್’ ಎಂಬ ಮಾದರಿ ಸುಮಾರು 1,25,000 ಮನೆಗಳಲ್ಲಿತ್ತು. ಜನ, ಮಕ್ಕಳು, ಸಾಕುಪ್ರಾಣಿ, ವಸ್ತುಗಳು ಅದರ ಹಿಂಭಾಗದ ಕೆಳಗೆ ಎಳೆಯಲ್ಪಟ್ಟ 72 ವರದಿಗಳು ಬಂದವು. ಅವುಗಳಲ್ಲಿ 29 ಮಕ್ಕಳಿಗೆ ಗಾಯವಾದ ಪ್ರಕರಣಗಳು. ಆರು ವರ್ಷದ ಒಂದು ಮಗು ತೀರಿಕೊಂಡಿತು. ಮೊದಲಿಗೆ ಸರ್ಕಾರಿ ಸುರಕ್ಷತಾ ಆಯೋಗದ ಎಚ್ಚರಿಕೆಯನ್ನೇ ತಳ್ಳಿಹಾಕಿದ ಕಂಪನಿ 2021ರ ಮೇ ತಿಂಗಳಲ್ಲಿ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡು ಕ್ಷಮೆ ಕೇಳಿತು. ಆ ಮಾದರಿಯ ಹಲಗೆ ಎತ್ತರವಾಗಿದ್ದು ಹಿಂದೆ ತಡೆ ಇರಲಿಲ್ಲ ಎಂಬುದು ನಿಜ; ಆದರೆ ಹಿಂದಿನ ರೋಲರ್ ಇಲ್ಲದ ಮೋಟಾರು ಟ್ರೆಡ್‌ಮಿಲ್ ಯಾವುದೂ ಇಲ್ಲ. ಅದಕ್ಕೂ ಮೊದಲು, 2009ರಲ್ಲಿ, ಅಮೆರಿಕದ ಫೀನಿಕ್ಸ್ ನಗರದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಟ್ರೆಡ್‌ಮಿಲ್ಲಿನಿಂದ ತೂಗುತ್ತಿದ್ದ ಹಗ್ಗಕ್ಕೆ ಕುತ್ತಿಗೆ ಸಿಕ್ಕಿ ಸತ್ತಳು. ಅಂದರೆ ನಿಂತ ಯಂತ್ರವೂ ನಿರುಪದ್ರವಿಯಲ್ಲ.

ಆದ್ದರಿಂದ ನಡಿಗೆ ಮುಗಿದ ಕೂಡಲೇ ಕೀಲಿಯನ್ನು ದಾರದ ಸಮೇತ ತೆಗೆದು, ಔಷಧಿ ಡಬ್ಬಿ ಇಡುವಷ್ಟು ಎತ್ತರದಲ್ಲಿ ಇಡಿ. ಪ್ಲಗ್ಗು ಕೀಳಿ. ಮಡಚುವ ಹಲಗೆಯಾದರೆ ಎತ್ತಿದಾಗ ‘ಟಕ್’ ಎಂದು ಕೊಂಡಿ ಬಿದ್ದ ಸದ್ದು ಕೇಳಲೇಬೇಕು. ಕೇಳದಿದ್ದರೆ ಅದು ಯಾರ ಮೇಲಾದರೂ ಬೀಳಲು ಕಾದಿದೆ ಎಂದರ್ಥ. ಬೆಲ್ಟು ಓಡುವಾಗ ಸಣ್ಣ ಮಕ್ಕಳು ಆ ಕೋಣೆಯಲ್ಲೇ ಇರಕೂಡದು, ಬಾಗಿಲು ಮುಚ್ಚಿ. ಬಾಗಿಲಿಲ್ಲದ ಹಾಲಾದರೆ ಮಗು ಮಲಗಿದ ಹೊತ್ತು ನೋಡಿ ನಡೆಯಬೇಕು, ಬೇರೆ ದಾರಿ ನನಗೆ ತೋರುವುದಿಲ್ಲ.

ಆರೈಕೆ ಹೆಚ್ಚೇನಿಲ್ಲ. ಬೆಲ್ಟಿಗೂ ಹಲಗೆಗೂ ನಡುವೆ ಕಂಪನಿ ಹೇಳಿದಷ್ಟು ಸಿಲಿಕಾನ್ ಎಣ್ಣೆ, ಅಡುಗೆ ಎಣ್ಣೆಯಲ್ಲ. ಬೆಲ್ಟು ಎಡಕ್ಕೆ ವಾಲಿದರೆ ಸಾಮಾನ್ಯವಾಗಿ ಹಿಂದಿನ ಎಡ ಬೋಲ್ಟನ್ನು ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ ಕಾದು ನೋಡುವುದು. ಬಲಕ್ಕೆ ವಾಲಿದರೆ ಬಲದ್ದು. ಬೆರಳು, ಬಟ್ಟೆ ದೂರವಿರಲಿ.

ಹಳೆಯ ಯಂತ್ರಗಳ ಮಾರಾಟವೂ ಈಗ ಜೋರಾಗಿದೆ. ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮುಂಚೆ ಮೊದಲು ಕೀಲಿ ಎಲ್ಲಿ ಎಂದು ಕೇಳಿ. ‘ಅದು ಕಳೆದುಹೋಗಿದೆ ಸಾರ್, ಫ್ರಿಜ್ಜಿನ ಮೇಲಿನ ಅಯಸ್ಕಾಂತ ಅಂಟಿಸಿದರೂ ಓಡುತ್ತೆ’ ಎಂದು ಮಾರುವವರು ಉತ್ಸಾಹದಿಂದ ತೋರಿಸಬಹುದು. ಓಡುತ್ತದೆ, ನಿಜ. ನೀವು ಬಿದ್ದಾಗಲೂ ಓಡುತ್ತಲೇ ಇರುತ್ತದೆ. ಆ ಮಾದರಿಗೆ ತಕ್ಕ ಕೀಲಿಯನ್ನು ಕಂಪನಿಯಿಂದ ತರಿಸಿಕೊಳ್ಳುವವರೆಗೆ ಪ್ಲಗ್ಗು ಹಾಕದೆ ಟವೆಲು ಒಣಗಿಸಿಕೊಂಡಿರಿ.